ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್ ಮೊದಲ ಸಲ ತೆರೆದಿದ್ದೀರಾ? ಇಲ್ಲಿಂದ ಶುರು ಮಾಡಿ

ಸಂಘದ್ದೋ, ಶಾಲೆಯದ್ದೋ, ನಿಮ್ಮದೇ ಬರಹಗಳದ್ದೋ ಒಂದು ವೆಬ್‌ಸೈಟ್ ಇದೆ. ವೆಬ್‌ಸೈಟ್ ಕಟ್ಟಿ ನಡೆಸುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ಕಟ್ಟಿಕೊಟ್ಟ ಹುಡುಗ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸಿ "ಇನ್ನು ನೀವೇ ನೋಡ್ಕೊಳ್ಳಿ ಸರ್, ತುಂಬಾ ಈಸಿ" ಅಂದಿದ್ದಾನೆ. ಒಳಗೆ ಹೋದರೆ ಡ್ಯಾಶ್‌ಬೋರ್ಡ್, ಅಂದರೆ ಸೈಟನ್ನು ನೋಡಿಕೊಳ್ಳುವ ಒಳಪುಟ: ಎಡಗಡೆ ಕಪ್ಪು ಪಟ್ಟಿ, ಅದರ ತುಂಬ ಇಂಗ್ಲಿಷ್ ಹೆಸರುಗಳು, ಮಧ್ಯೆ ಯಾವುದೋ ಜಾಹೀರಾತಿನಂಥ ಡಬ್ಬಗಳು. ಏನು ಒತ್ತಿದರೆ ಏನು ಹಾಳಾಗುತ್ತೋ ಅನ್ನೋ ಹೆದರಿಕೆ ಬೇರೆ. ಈ ಬರಹ ನಿಮಗೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಪಟ್ಟಿ ಇರುವ ಕ್ರಮದಲ್ಲಿ ಕೆಲಸ ಮಾಡಬೇಡಿ. ಸೆಟ್ಟಿಂಗ್ಸ್ ಅನ್ನೋದು ಪಟ್ಟಿಯ ಕೊನೆಯಲ್ಲಿದೆ, ಆದರೆ ಶುರು ಮಾಡಬೇಕಾದ್ದು ಅಲ್ಲಿಂದ. ಸಾಮಾನ್ಯವಾಗಿ ಎಲ್ಲರೂ ಉಲ್ಟಾ ಹೋಗುತ್ತಾರೆ. ಮೊದಲ ದಿನವೇ ಥೀಮ್ (ಸೈಟಿನ ಹೊರನೋಟ) ಬದಲಿಸುತ್ತಾ ಕೂರುತ್ತಾರೆ, ಯೂಟ್ಯೂಬ್ ನೋಡಿ ಒಂದಿಷ್ಟು ಪ್ಲಗಿನ್ (ಹೆಚ್ಚಿನ ಸೌಲಭ್ಯ ಕೊಡುವ ಸೇರ್ಪಡೆ) ಹಾಕುತ್ತಾರೆ, ಲೇಖನ ಬರೆಯುವ ಹೊತ್ತಿಗೆ ಸುಸ್ತು. ಹದಿನೈದು ನಿಮಿಷ ಸೆಟ್ಟಿಂಗ್ಸ್‌ನಲ್ಲಿ ಕಳೆದು, ಆಮೇಲೆ ನೇರವಾಗಿ ಬರೆಯೋಕೆ ಹೋಗಿ. ಬಣ್ಣ, ಫಾಂಟ್, ಪ್ಲಗಿನ್ ಎಲ್ಲ ಆಮೇಲೆ.

ವರ್ಡ್‌ಪ್ರೆಸ್ ಎರಡು ಥರ ಸಿಗುತ್ತದೆ ಅನ್ನೋದನ್ನೂ ತಿಳಿದಿರಿ. 2003ರಲ್ಲಿ ಮ್ಯಾಟ್ ಮುಲ್ಲೆನ್ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದ ಈ ಸಾಫ್ಟ್‌ವೇರ್ ಉಚಿತ. ಯಾವ ಹೋಸ್ಟಿಂಗ್‌ನಲ್ಲಿ (ಸೈಟನ್ನು ಇಡಲು ಬಾಡಿಗೆಗೆ ಸಿಗುವ ಜಾಗ) ಬೇಕಾದರೂ ಹಾಕಿಕೊಳ್ಳಬಹುದು. ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನೋದು ಆಟೊಮ್ಯಾಟಿಕ್ ಎಂಬ ಕಂಪನಿ ನಡೆಸುವ ಸೇವೆ. ಅಲ್ಲಿ ಖಾತೆ ತೆರೆದರೆ ಹೋಸ್ಟಿಂಗ್ ಅವರದೇ, ನೀವು ಕಟ್ಟುವ ದುಡ್ಡಿನ ಮೇಲೆ ಸೌಲಭ್ಯ ಹೆಚ್ಚು ಕಡಿಮೆ ಆಗುತ್ತದೆ. ಇಲ್ಲಿ ಹೇಳುವುದೆಲ್ಲ ಮೊದಲನೆಯ ಬಗೆಗೆ. ಎರಡನೆಯದರಲ್ಲೂ ಹೆಚ್ಚಿನ ಪುಟಗಳು ಹೀಗೇ ಇರುತ್ತವೆ, ಕೆಲವು ಕಾಣದಿದ್ದರೆ ಗಾಬರಿಯಾಗಬೇಡಿ.

ಒಳಗೆ ಹೋಗುವುದು

ಸೈಟಿನ ವಿಳಾಸ ಟೈಪ್ ಮಾಡಿ, ಮುಂದೆ ಒಂದು ಓರೆಗೆರೆ ಹಾಕಿ. ಆಮೇಲೆ ಇಂಗ್ಲಿಷಿನಲ್ಲಿ ಡಬ್ಲ್ಯು, ಪಿ, ಒಂದು ಹೈಫನ್, ಅಡ್ಮಿನ್. ಲಾಗಿನ್ ಪುಟ ಬರುತ್ತದೆ. ಕೆಲವು ಕಡೆ ಭದ್ರತೆಗೆ ಅಂತ ಈ ವಿಳಾಸ ಬದಲಿಸಿರುತ್ತಾರೆ. ಹಾಗಿದ್ದರೆ ಕಟ್ಟಿಕೊಟ್ಟವರನ್ನೇ ಕೇಳಬೇಕು.

ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ವಾಟ್ಸಾಪ್‌ನಲ್ಲಿ ಬಂದದ್ದು ಎಷ್ಟು ಜನರ ಫೋನಿನಲ್ಲಿದೆಯೋ ಯಾರಿಗೆ ಗೊತ್ತು. ಎಡಗಡೆ ಯೂಸರ್ಸ್, ಅದರೊಳಗೆ ಪ್ರೊಫೈಲ್. ಕೆಳಗೆ ಇಳಿದರೆ ಸೆಟ್ ನ್ಯೂ ಪಾಸ್‌ವರ್ಡ್ ಅನ್ನೋ ಬಟನ್ ಇದೆ. ಒತ್ತಿದರೆ ಅದೇ ಒಂದು ಉದ್ದದ ಪಾಸ್‌ವರ್ಡ್ ತೋರಿಸುತ್ತದೆ. ಅದನ್ನೇ ಬಳಸಿ, ಬ್ರೌಸರಿನಲ್ಲಿ ಉಳಿಸಿಕೊಳ್ಳಿ. ವರ್ಡ್‌ಪ್ರೆಸ್ ತಾನಾಗಿ, ಎಷ್ಟು ಸಲ ತಪ್ಪು ಪಾಸ್‌ವರ್ಡ್ ಹಾಕಿದರೂ ತಡೆಯುವುದಿಲ್ಲ. ಹಾಗಾಗಿ ಊರಿನ ಹೆಸರು, ಮುಂದೆ 123 ಅನ್ನೋ ಥರದ್ದು ಬೇಡವೇ ಬೇಡ.

ಅದೇ ಪುಟದಲ್ಲಿ ಇನ್ನೆರಡು ಕೆಲಸ ಮುಗಿಸಿಬಿಡಿ. ಯೂಸರ್‌ನೇಮ್ ಬದಲಿಸೋಕೆ ಬರುವುದಿಲ್ಲ, ಆದರೆ ಲೇಖನದ ಕೆಳಗೆ ಕಾಣುವ ಹೆಸರನ್ನು ಬದಲಿಸಬಹುದು. ನಿಕ್‌ನೇಮ್ ಅನ್ನೋ ಕಡೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಿರಿ, ಅದರ ಕೆಳಗಿನ ಡಿಸ್‌ಪ್ಲೇ ನೇಮ್ ಪಟ್ಟಿಯಿಂದ ಅದನ್ನೇ ಆರಿಸಿ. ಇಲ್ಲದಿದ್ದರೆ ಸಂಘದ ಅಧ್ಯಕ್ಷರ ಭಾಷಣದ ಕೆಳಗೆ "ಅಡ್ಮಿನ್" ಅಂತ ಬರುತ್ತಿರುತ್ತದೆ. ಎರಡನೆಯದು ಭಾಷೆ. ಲ್ಯಾಂಗ್ವೇಜ್ ಅಂತ ಇರುವಲ್ಲಿ ನೀವು ಆರಿಸುವುದು ನಿಮಗೆ ಮಾತ್ರ ಕಾಣುವ ಒಳಪುಟಗಳ ಭಾಷೆ. ಓದುಗರಿಗೆ ಕಾಣುವ ಭಾಷೆಯನ್ನು ಬೇರೆ ಕಡೆ ಇಡಬೇಕು, ಈಗ ಬರುತ್ತೇನೆ. ನನ್ನ ಸಲಹೆ ಕೇಳಿದರೆ, ಕಲಿಯುವ ತನಕ ಒಳಪುಟಗಳಿಗೆ ಇಲ್ಲಿ ಇಂಗ್ಲಿಷನ್ನೇ ಆರಿಸಿಡಿ. ಕನ್ನಡಾಭಿಮಾನಕ್ಕೆ ಧಕ್ಕೆ ಅಂತ ಬೈಬೇಡಿ. ಏನಾದರೂ ಸಿಕ್ಕಿಕೊಂಡಾಗ ನೆರವಿಗೆ ಸಿಗುವ ವಿಡಿಯೊ, ಸಹಾಯ ಪುಟ, ಗೆಳೆಯರ ಫೋನ್ ಸಲಹೆ ಎಲ್ಲವೂ ಇಂಗ್ಲಿಷ್ ಹೆಸರುಗಳಲ್ಲೇ ಇರುತ್ತವೆ. ಈ ಲೇಖನ ಕೂಡ ಅದಕ್ಕೇ ಇಂಗ್ಲಿಷ್ ಹೆಸರುಗಳನ್ನೇ ಕನ್ನಡ ಅಕ್ಷರದಲ್ಲಿ ಹೇಳುತ್ತಿದೆ.

ಕೊನೆಗೆ ಅಪ್‌ಡೇಟ್ ಪ್ರೊಫೈಲ್ ಒತ್ತಿ. ಇದು ಎಲ್ಲ ಪುಟಕ್ಕೂ ಅನ್ವಯಿಸುವ ಮಾತು: ಪುಟದ ಅಡಿಯಲ್ಲಿ ಒಂದು ನೀಲಿ ಬಟನ್ ಇರುತ್ತದೆ, ಅದನ್ನು ಒತ್ತದೆ ಬೇರೆ ಕಡೆ ಹೋದರೆ ಮಾಡಿದ್ದೆಲ್ಲ ನೀರುಪಾಲು.

ಏನು ಮುಟ್ಟಬಾರದು?

ಹೆದರಿಕೆಯನ್ನು ಇಲ್ಲೇ ಮುಗಿಸೋಣ. ಅಳಿಸಿದ ಲೇಖನ ತಕ್ಷಣ ಹೋಗುವುದಿಲ್ಲ, ಟ್ರ್ಯಾಶ್‌ಗೆ ಹೋಗಿ 30 ದಿನ ಅಲ್ಲೇ ಇರುತ್ತದೆ. ತಿದ್ದಿದ ಲೇಖನದ ಹಳೆಯ ರೂಪಗಳು ರಿವಿಷನ್ಸ್ ಅನ್ನೋ ಕಡೆ ಉಳಿದಿರುತ್ತವೆ, ಹಿಂದಕ್ಕೆ ತರಬಹುದು. ಆದರೆ ಫೋಟೊಗಳೆಲ್ಲ ಇರುವ ಮೀಡಿಯಾ ಪುಟದಿಂದ ಅಳಿಸಿದ ಫೋಟೊ ಹಾಗಲ್ಲ. ಅದು ಹೋದರೆ ಹೋದ ಹಾಗೆಯೇ.

ನಿಜವಾಗಿ ಕೈಯಿಡಬಾರದ್ದು ಒಂದೇ ಜಾಗ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ವರ್ಡ್‌ಪ್ರೆಸ್ ಅಡ್ರೆಸ್, ಸೈಟ್ ಅಡ್ರೆಸ್ ಅಂತ ಎರಡು ಸಾಲು ಇವೆ. ಅಡ್ರೆಸ್ ಅಂದ ಕೂಡಲೇ ಕೆಲವರು ಸಂಘದ ಕಚೇರಿಯ ವಿಳಾಸ ಬರೆಯೋಕೆ ಹೋಗುತ್ತಾರೆ! ಅಲ್ಲಿ ಒಂದು ಅಕ್ಷರ ತಪ್ಪಾದರೂ ಸೈಟ್ ತೆರೆಯುವುದಿಲ್ಲ, ನಿಮಗೆ ಒಳಗೆ ಹೋಗಿ ಸರಿ ಮಾಡೋಕೂ ಆಗುವುದಿಲ್ಲ. ಆಮೇಲೆ ಹೋಸ್ಟಿಂಗ್ ಕಡೆಯಿಂದ ಸರಿಪಡಿಸಬೇಕು. ಆ ಎರಡನ್ನು ಬಿಟ್ಟುಬಿಡಿ.

ಸೆಟ್ಟಿಂಗ್ಸ್: ಜನರಲ್

ಸೈಟ್ ಟೈಟಲ್, ಟ್ಯಾಗ್‌ಲೈನ್ ಎರಡನ್ನೂ ಕನ್ನಡದಲ್ಲಿ ಬರೆಯಿರಿ. ಟ್ಯಾಗ್‌ಲೈನ್ ಬೇಡವಾದರೆ ಖಾಲಿ ಬಿಡಿ. ಮೆಂಬರ್‌ಶಿಪ್ ಎದುರು ಇರುವ ಟಿಕ್ ಹಾಕಬೇಡಿ, ಹಾಕಿದರೆ ಯಾರು ಬೇಕಾದರೂ ನಿಮ್ಮ ಸೈಟಿನಲ್ಲಿ ಖಾತೆ ತೆರೆಯಬಹುದು, ತೆರೆಯುವವರು ಹೆಚ್ಚಾಗಿ ಮನುಷ್ಯರಾಗಿರುವುದಿಲ್ಲ. ಅಡ್ಮಿನಿಸ್ಟ್ರೇಷನ್ ಇಮೇಲ್ ಯಾರದ್ದಿದೆ ನೋಡಿ. ಕಟ್ಟಿಕೊಟ್ಟವರದ್ದೇ ಉಳಿದಿರುತ್ತದೆ, ಸೈಟಿಗೆ ಏನಾದರೂ ಆದರೆ ಸುದ್ದಿ ಅವರಿಗೆ ಹೋಗುತ್ತದೆ, ನಿಮಗಲ್ಲ. ಬದಲಿಸಿದರೆ ಹೊಸ ವಿಳಾಸಕ್ಕೆ ಒಂದು ಮೇಲ್ ಬರುತ್ತದೆ, ಅದರಲ್ಲಿನ ಲಿಂಕ್ ಒತ್ತಿದ ಮೇಲೆಯೇ ಬದಲಾವಣೆ ಜಾರಿಗೆ ಬರುವುದು.

ಸೈಟ್ ಲ್ಯಾಂಗ್ವೇಜ್ ಪಟ್ಟಿಯಲ್ಲಿ "ಕನ್ನಡ" ಅಂತ ಕನ್ನಡ ಅಕ್ಷರದಲ್ಲೇ ಇದೆ. ಅದನ್ನು ಆರಿಸಿ. ಇದರಿಂದ ಓದುಗರಿಗೆ ಕಾಣುವ ಪುಟದಲ್ಲಿ ತಿಂಗಳ ಹೆಸರು ಕನ್ನಡದಲ್ಲಿ ಬರುತ್ತದೆ, ಥೀಮ್ ಅನುವಾದ ಆಗಿದ್ದರೆ ಪ್ರತಿಕ್ರಿಯೆ, ಹುಡುಕು ಮುಂತಾದ ಪದಗಳೂ ಕನ್ನಡಕ್ಕೆ ತಿರುಗುತ್ತವೆ. ಇನ್ನೊಂದು ಕಾಣದ ಲಾಭ ಇದೆ. ಈ ಪುಟದ ಭಾಷೆ ಕನ್ನಡ ಅಂತ ಬ್ರೌಸರಿಗೆ ಹೇಳುವ ಗುರುತು ಪುಟದ ಒಳಗೆ ಸೇರಿಕೊಳ್ಳುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆ ಗುರುತು ನೋಡಿಯೇ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತೀರ್ಮಾನಿಸುವುದು.

ಆಮೇಲೆ ಟೈಮ್‌ಝೋನ್. ಇದನ್ನು ಯಾರೂ ನೋಡುವುದಿಲ್ಲ. ಹೊಸ ಸೈಟಿನಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಇರುತ್ತದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 6ಕ್ಕೆ ಯುಗಾದಿ ಶುಭಾಶಯ ಬರಲಿ ಅಂತ ನೀವು ಸಮಯ ಕೊಟ್ಟು ಮಲಗಿದರೆ ಅದು ಹನ್ನೊಂದೂವರೆಗೆ ಬರುತ್ತದೆ, ಅಷ್ಟೊತ್ತಿಗೆ ಬೇವು ಬೆಲ್ಲ ಮುಗಿದಿರುತ್ತದೆ. ಪಟ್ಟಿಯಲ್ಲಿ ಏಷ್ಯಾ ಅನ್ನೋ ಗುಂಪಿನಲ್ಲಿ ಕೋಲ್ಕತಾ ಆರಿಸಿ. ಬೆಂಗಳೂರು ಅಂತ ಹುಡುಕಬೇಡಿ, ಸಿಗುವುದಿಲ್ಲ. ದೇಶಕ್ಕೆಲ್ಲ ಅದೊಂದೇ. ಹೊರದೇಶದ ಕನ್ನಡ ಕೂಟದವರಾದರೆ ನಿಮ್ಮ ಭಾಗದ ನಗರದ ಹೆಸರನ್ನೇ ಆರಿಸಿ, ಬರೀ ಗಂಟೆಯ ಲೆಕ್ಕ ಇರುವ ಸಾಲು ಬೇಡ. ನಗರ ಆರಿಸಿದರೆ ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ಬದಲಾಗುವುದನ್ನು ಅದೇ ನೋಡಿಕೊಳ್ಳುತ್ತದೆ.

ಪರ್ಮಾಲಿಂಕ್ಸ್: ಕನ್ನಡದವರು ಇಲ್ಲಿ ಸ್ವಲ್ಪ ನಿಲ್ಲಿ

ಪರ್ಮಾಲಿಂಕ್ ಅಂದರೆ ಪ್ರತಿ ಲೇಖನದ ವೆಬ್ ವಿಳಾಸ ಹೇಗಿರಬೇಕು ಅನ್ನೋದು. ಸೆಟ್ಟಿಂಗ್ಸ್ ಒಳಗೆ ಪರ್ಮಾಲಿಂಕ್ಸ್ ತೆರೆದು ಪೋಸ್ಟ್ ನೇಮ್ ಆರಿಸಿ, ಸೇವ್ ಮಾಡಿ. ಸೈಟ್ ಹಳೆಯದಾಗಿದ್ದು ಆಗಲೇ ನೂರಾರು ಲೇಖನ ಇದ್ದರೆ ಮಾತ್ರ ಮುಟ್ಟಬೇಡಿ, ಜನ ಹಂಚಿಕೊಂಡಿರುವ ಹಳೆಯ ಲಿಂಕ್‌ಗಳು ಕೆಲಸ ಮಾಡದೆ ಹೋಗಬಹುದು.

ಇಷ್ಟು ಎಲ್ಲ ಭಾಷೆಯವರಿಗೂ ಒಂದೇ. ನಮ್ಮ ತೊಂದರೆ ಇದರ ನಂತರ ಶುರುವಾಗುತ್ತದೆ. ನೀವು ಕನ್ನಡದಲ್ಲಿ ತಲೆಬರಹ ಬರೆದರೆ ವರ್ಡ್‌ಪ್ರೆಸ್ ಅದನ್ನೇ ವಿಳಾಸ ಮಾಡಿಕೊಳ್ಳುತ್ತದೆ. ಬ್ರೌಸರಿನ ಮೇಲ್ಗಡೆ ಅದು ಕನ್ನಡದಲ್ಲೇ ಚೆಂದ ಕಾಣಬಹುದು. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ, ಪರ್ಸೆಂಟ್ ಗುರುತು, ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲು ಸಾಲು. ಲೇಖನಕ್ಕಿಂತ ಲಿಂಕೇ ಉದ್ದ. ನೋಡಿದವರು ಇದೇನು ವೈರಸ್ಸಾ ಅಂತ ಒತ್ತುವುದೇ ಇಲ್ಲ.

ಯಾಕೆ ಹೀಗೆ ಅಂದರೆ, ವಿಳಾಸದ ಒಳಗೆ ಕನ್ನಡದ ಪ್ರತಿ ಸಂಕೇತವೂ ಒಂಬತ್ತು ಇಂಗ್ಲಿಷ್ ಚಿಹ್ನೆಯಾಗಿ ಬದಲಾಗುತ್ತದೆ. ಅಕ್ಷರ ಬೇರೆ, ಗುಣಿತದ ಗುರುತು ಬೇರೆ, ಒತ್ತು ಬರಿಸುವ ವಿರಾಮ ಬೇರೆ, ಎಲ್ಲಕ್ಕೂ ಒಂದೊಂದು ಲೆಕ್ಕ. "ಕರ್ನಾಟಕ" ಅನ್ನೋ ಒಂದು ಪದದಲ್ಲಿ ಏಳು ಸಂಕೇತ, ಅಂದರೆ 63 ಚಿಹ್ನೆ. ಮತ್ತೆ ವರ್ಡ್‌ಪ್ರೆಸ್ ಒಂದು ಲೇಖನದ ಹೆಸರಿಗೆ ಕೊಡುವ ಜಾಗ 200 ಚಿಹ್ನೆ ಮಾತ್ರ. ಹಾಗಾಗಿ ಸುಮಾರು 22 ಸಂಕೇತ ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ, ತಲೆಬರಹ ಪದದ ನಡುವೆಯೇ ತುಂಡಾಗುತ್ತದೆ. ಶುರುವಿನ ಮೂರು ನಾಲ್ಕು ಪದ ಒಂದೇ ಆಗಿರುವ ಎರಡು ತಲೆಬರಹಗಳು ಒಂದೇ ಕಡೆ ತುಂಡಾಗಿ, ಎರಡನೆಯದಕ್ಕೆ ಬಾಲದಲ್ಲಿ 2 ಅಂತ ಅಂಕಿ ಸೇರಿಕೊಳ್ಳುವುದೂ ಉಂಟು.

ಪರಿಹಾರ ಸುಲಭ. ತಲೆಬರಹ ಕನ್ನಡದಲ್ಲೇ ಇರಲಿ, ವಿಳಾಸದ ತುಂಡನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಇದಕ್ಕೆ ಸ್ಲಗ್ ಅಂತ ಹೆಸರು. ಲೇಖನ ಬರೆಯುವ ಪುಟದ ಬಲಗಡೆ ಪಟ್ಟಿಯಲ್ಲಿ ಸ್ಲಗ್ ಅಥವಾ ಲಿಂಕ್ ಅಂತ ಸಾಲು ಇರುತ್ತದೆ. ಊರಿನ ಹೆಸರು, ಹೈಫನ್, ಜಾತ್ರೆ, ಹೈಫನ್, ಇಸವಿ. ಮೂರು ನಾಲ್ಕು ಪದ ಸಾಕು. ಪ್ರಕಟಿಸುವ ಮೊದಲೇ ಮಾಡಿ. ಮರೆತರೆ ಆಮೇಲೂ ಬದಲಿಸಬಹುದು, ಲೇಖನಗಳ ಮಟ್ಟಿಗೆ ಹಳೆಯ ಲಿಂಕ್ ಒತ್ತಿದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕರೆದೊಯ್ಯುತ್ತದೆ. ಲೇಖನಗಳನ್ನು ಗುಂಪು ಮಾಡುವ ಕ್ಯಾಟಗರಿಗಳಿಗೂ ಇದೇ ಕಥೆ, ಸೇರಿಸುವಾಗಲೇ ಸ್ಲಗ್ ಕೇಳುತ್ತದೆ, ಇಂಗ್ಲಿಷಿನಲ್ಲಿ ತುಂಬಿ.

ಇನ್ನೆರಡು ಟಿಕ್

ರೀಡಿಂಗ್ ಪುಟದ ಅಡಿಯಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳದಿರಲಿ ಎಂಬ ಅರ್ಥದ ಒಂದು ಟಿಕ್ ಇದೆ. ಸೈಟ್ ಕಟ್ಟುವಾಗ ಅದನ್ನು ಹಾಕಿಟ್ಟುಕೊಳ್ಳುತ್ತಾರೆ, ಅರ್ಧ ಆಗಿರುವ ಪುಟ ಗೂಗಲ್‌ನಲ್ಲಿ ಬರದಿರಲಿ ಅಂತ. ತೆಗೆಯೋಕೆ ಮರೆಯುತ್ತಾರೆ. "ಗೂಗಲ್‌ನಲ್ಲಿ ನಮ್ಮ ಸೈಟ್ ಬರೋದೇ ಇಲ್ಲ" ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಮುಖಪುಟದಲ್ಲಿ ಹೊಸ ಲೇಖನಗಳು ಕಾಣಬೇಕಾ, ಒಂದು ನಿಂತ ಪುಟ ಕಾಣಬೇಕಾ ಅನ್ನೋದೂ ಇಲ್ಲೇ ಮೇಲ್ಗಡೆ ಇದೆ.

ಡಿಸ್ಕಷನ್ ಪುಟದಲ್ಲಿ, ಪ್ರತಿಕ್ರಿಯೆ ಪ್ರಕಟ ಆಗುವ ಮೊದಲು ನೀವು ಒಪ್ಪಬೇಕು ಅನ್ನೋ ಟಿಕ್ ಹಾಕಿ. ಹಾಕದಿದ್ದರೆ ಒಂದು ತಿಂಗಳಲ್ಲಿ ನಿಮ್ಮ ಶಾಲೆಯ ವಾರ್ಷಿಕೋತ್ಸವದ ವರದಿಯ ಕೆಳಗೆ ಯಾರೋ ಔಷಧ ಮಾರುತ್ತಿರುತ್ತಾರೆ.

ಸೆಟ್ಟಿಂಗ್ಸ್ ಇಷ್ಟೇ.

ಪೋಸ್ಟಾ, ಪೇಜಾ?

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲಿ. ತಾರೀಕಿಗೆ ಬೆಲೆ ಇರುವುದೆಲ್ಲ ಪೋಸ್ಟ್: ವರದಿ, ಲೇಖನ, ಕಥೆ, ಪ್ರಕಟಣೆ. ಹೊಸದು ಬಂದಂತೆ ಹಳೆಯದು ಕೆಳಗೆ ಹೋಗುತ್ತದೆ. ವರ್ಷವಿಡೀ ಅದೇ ಜಾಗದಲ್ಲಿ ಇರಬೇಕಾದ್ದು ಪೇಜ್: ನಮ್ಮ ಬಗ್ಗೆ, ಸಂಪರ್ಕ, ಪದಾಧಿಕಾರಿಗಳು, ಸದಸ್ಯತ್ವ ಶುಲ್ಕ. ಪ್ರತಿ ಕಾರ್ಯಕ್ರಮಕ್ಕೂ ಒಂದೊಂದು ಪೇಜ್ ಮಾಡಿ ಮೆನುವಿಗೆ ನೇತುಹಾಕಿದ ಸೈಟುಗಳನ್ನು ನೀವೂ ನೋಡಿರುತ್ತೀರಿ. ಮೌಸ್ ಇಟ್ಟರೆ ಪಟ್ಟಿ ಪರದೆಯಿಂದ ಹೊರಗೆ ಹೋಗುತ್ತದೆ. ಅವೆಲ್ಲ ಪೋಸ್ಟ್ ಆಗಿ, "ಕಾರ್ಯಕ್ರಮಗಳು" ಅನ್ನೋ ಒಂದು ಕ್ಯಾಟಗರಿಯಲ್ಲಿ ಇರಬೇಕಾದ್ದು.

ಕ್ಯಾಟಗರಿ ಐದಾರು ಸಾಕು, ಬರೆಯೋಕೆ ಮೊದಲೇ ಮಾಡಿಟ್ಟುಕೊಳ್ಳಿ. ಯಾವುದನ್ನೂ ಆರಿಸದೆ ಪ್ರಕಟಿಸಿದರೆ ಅನ್‌ಕ್ಯಾಟಗರೈಸ್ಡ್ ಎಂಬ ಗುಂಪಿಗೆ ಹೋಗಿ ಬೀಳುತ್ತದೆ. ಆ ಹೆಸರನ್ನೇ ತಿದ್ದಿ "ಇತರೆ" ಅಂತ ಮಾಡಿಬಿಡಿ. ಟ್ಯಾಗ್ ಬಗ್ಗೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಾಂ, ಮಾದರಿಗೆ ಅಂತ ಮೊದಲೇ ಇರುವ ಹಲೋ ವರ್ಲ್ಡ್ ಪೋಸ್ಟ್, ಸ್ಯಾಂಪಲ್ ಪೇಜ್ ಎರಡನ್ನೂ ಟ್ರ್ಯಾಶ್ ಮಾಡಿ. ವರ್ಷಗಟ್ಟಲೆ ಹಾಗೇ ಬಿಟ್ಟಿರುವ ಸೈಟುಗಳಿವೆ.

ಮೊದಲ ಲೇಖನ

ಪೋಸ್ಟ್ಸ್, ಆ್ಯಡ್ ನ್ಯೂ. ಒತ್ತಿದ ತಕ್ಷಣ ಎಡಗಡೆ ಕಪ್ಪು ಪಟ್ಟಿ ಮಾಯವಾಗುತ್ತದೆ. ಏನೂ ಆಗಿಲ್ಲ, ಬರೆಯುವ ಪುಟ ಪೂರ್ತಿ ಪರದೆಗೆ ಹರಡಿಕೊಂಡಿದೆ ಅಷ್ಟೇ. ಎಡ ಮೇಲ್ಮೂಲೆಯ ಲೋಗೊ ಒತ್ತಿದರೆ ವಾಪಸ್ ಬರಬಹುದು. ಪಟ್ಟಿ ಯಾವಾಗಲೂ ಕಾಣಲಿ ಅನ್ನುವವರು ಬಲ ಮೇಲ್ಮೂಲೆಯ ಮೂರು ಚುಕ್ಕಿ ಒತ್ತಿ ಫುಲ್‌ಸ್ಕ್ರೀನ್ ಮೋಡ್ ತೆಗೆಯಿರಿ. ಬಲಗಡೆಯ ಪಟ್ಟಿ ಕಾಣದಿದ್ದರೆ ಪಬ್ಲಿಷ್ ಬಟನ್ ಪಕ್ಕದ ಚೌಕದಂಥ ಗುರುತು ಒತ್ತಿ. ಆ ಪಟ್ಟಿಯಲ್ಲಿ ಎರಡು ಭಾಗ: ಪೋಸ್ಟ್ ಅನ್ನೋದು ಇಡೀ ಲೇಖನದ ವಿವರ, ಬ್ಲಾಕ್ ಅನ್ನೋದು ಈಗ ಕರ್ಸರ್ ಇರುವ ತುಂಡಿನ ವಿವರ. "ಕ್ಯಾಟಗರಿ ಎಲ್ಲೂ ಕಾಣ್ತಿಲ್ಲ" ಅಂತ ಫೋನ್ ಬಂದರೆ ಅವರು ಬ್ಲಾಕ್ ಭಾಗದಲ್ಲಿ ಇದ್ದಾರೆ ಅಂತಲೇ ಅರ್ಥ.

2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಬರೆಯುವುದೆಲ್ಲ ಬ್ಲಾಕ್‌ಗಳಲ್ಲಿ. ಒಂದು ಪ್ಯಾರಾ ಒಂದು ಬ್ಲಾಕ್, ಒಂದು ಫೋಟೊ ಒಂದು ಬ್ಲಾಕ್, ಒಂದು ಉಪಶೀರ್ಷಿಕೆ ಒಂದು ಬ್ಲಾಕ್. ರಂಗೋಲಿಯ ಚುಕ್ಕಿಗಳ ಹಾಗೆ ಒಂದೊಂದನ್ನೂ ಇಟ್ಟುಕೊಂಡು ಹೋಗುವುದು. ಎಂಟರ್ ಒತ್ತಿದರೆ ಹೊಸ ಪ್ಯಾರಾ. ಅದೇ ಪ್ಯಾರಾದಲ್ಲಿ ಕೆಳಗಿನ ಸಾಲಿಗೆ ಹೋಗಬೇಕಾದರೆ ಶಿಫ್ಟ್ ಹಿಡಿದು ಎಂಟರ್. ವಚನ, ಕವಿತೆ ಹಾಕುವವರಿಗೆ ಇದು ಗೊತ್ತಿರಲೇಬೇಕು. ಇಲ್ಲದಿದ್ದರೆ ಪ್ರತಿ ಸಾಲಿಗೂ ಒಂದೊಂದು ಗೇಣು ಅಂತರ ಬಂದು ನಾಲ್ಕು ಸಾಲಿನ ವಚನ ಪುಟ ತುಂಬುತ್ತದೆ.

ಬ್ಲಾಕ್ ಸೇರಿಸೋಕೆ ಓರೆಗೆರೆ ಹಾಕಿ ಹೆಸರು ಟೈಪ್ ಮಾಡಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಕನ್ನಡ ಕೀಬೋರ್ಡ್ ಆನ್ ಇದ್ದಾಗ ಅದು ಕಿರಿಕಿರಿ. ಬ್ಲಾಕ್ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ, ನೀವು ಒತ್ತುವುದು ಕನ್ನಡದಲ್ಲಿ ಬೀಳುತ್ತದೆ, ಏನೂ ಸಿಗುವುದಿಲ್ಲ. ಸುಮ್ನೆ ಪ್ಲಸ್ ಗುರುತು ಒತ್ತಿ ಆರಿಸಿಕೊಳ್ಳಿ. ದಿನನಿತ್ಯಕ್ಕೆ ಬೇಕಾಗುವುದು ಪ್ಯಾರಾಗ್ರಾಫ್, ಹೆಡಿಂಗ್, ಇಮೇಜ್, ಗ್ಯಾಲರಿ, ಲಿಸ್ಟ್, ಕೋಟ್, ಇವಿಷ್ಟೇ. ಯೂಟ್ಯೂಬ್ ವಿಡಿಯೊಗೆ ಅದರ ಲಿಂಕನ್ನು ಖಾಲಿ ಸಾಲಿನಲ್ಲಿ ಪೇಸ್ಟ್ ಮಾಡಿದರೆ ಸಾಕು, ಅದೇ ವಿಡಿಯೊ ಆಗಿ ಕೂರುತ್ತದೆ. ಉಪಶೀರ್ಷಿಕೆಗೆ ಹೆಡಿಂಗ್ ಬ್ಲಾಕ್‌ನ್ನೇ ಬಳಸಿ. ಪ್ಯಾರಾವನ್ನು ಬೋಲ್ಡ್ ಮಾಡಿ ದಪ್ಪಗಾಣಿಸಿದರೆ ಕಣ್ಣಿಗೆ ಸರಿ, ಗೂಗಲ್‌ಗೂ ಸ್ಕ್ರೀನ್ ರೀಡರ್‌ಗೂ ಅದು ಬರೀ ಪ್ಯಾರಾ.

ವರ್ಡ್‌ನಲ್ಲೋ ಗೂಗಲ್ ಡಾಕ್ಸ್‌ನಲ್ಲೋ ಬರೆದದ್ದನ್ನು ಹಾಗೇ ತಂದು ಪೇಸ್ಟ್ ಮಾಡಬಹುದು, ಪ್ಯಾರಾ, ಹೆಡಿಂಗ್ ಬೇರೆ ಬೇರೆ ಬ್ಲಾಕ್ ಆಗಿ ಬರುತ್ತವೆ. ಆದರೆ ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾದರೆ? ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು, ಒಟ್ಟಾರೆ ಭೂತಲಿಪಿ. ಹಾಗೆ ಕಂಡರೆ ಫೈಲ್ ಕೆಟ್ಟಿದೆ ಅಂತಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕನ್ನಡದ ಚಿತ್ರ ಇಟ್ಟುಕೊಂಡಿದ್ದವು, ವೆಬ್‌ಗೆ ಬೇಕಾದ್ದು ಯುನಿಕೋಡ್, ಅಂದರೆ ಕನ್ನಡಕ್ಕೇ ಪ್ರತ್ಯೇಕ ಸಂಕೇತ ಇರುವ ಪದ್ಧತಿ. ಅಂತರ್ಜಾಲದಲ್ಲಿ ಆಸ್ಕಿಯಿಂದ (ಆ ಹಳೆಯ ಬಗೆಗೆ ರೂಢಿಯ ಹೆಸರು) ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಅದರಲ್ಲಿ ಹಾಕಿ ತೆಗೆಯಿರಿ. ತೆಗೆದ ಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವೊತ್ತು, ಅಂಕಿ, ಉದ್ಧರಣ ಚಿಹ್ನೆ ಇರುವಲ್ಲಿ ಎಡವಟ್ಟು ಉಳಿದಿರಬಹುದು. ಪ್ರೆಸ್‌ನಲ್ಲಿ ಡಿಟಿಪಿ ಮಾಡಿಸಿದ ಸ್ಮರಣ ಸಂಚಿಕೆಯನ್ನು ಸೈಟಿಗೆ ಹಾಕುವವರಿಗೆ ಈ ಕೆಲಸ ತಪ್ಪುವುದಿಲ್ಲ.

ಬರೆದಾದ ಮೇಲೆ ಬಲಗಡೆ ಪೋಸ್ಟ್ ಭಾಗದಲ್ಲಿ ಕ್ಯಾಟಗರಿ, ಸ್ಲಗ್, ಫೀಚರ್ಡ್ ಇಮೇಜ್ (ಲೇಖನದ ಮುಖ್ಯ ಚಿತ್ರ) ತುಂಬಿ. ಪ್ರಿವ್ಯೂ ನೋಡಿ, ಮೊಬೈಲ್ ಅಳತೆಯಲ್ಲೂ ನೋಡಿ. ನಿಮ್ಮ ಓದುಗರು ಹೆಚ್ಚಾಗಿ ಫೋನಿನವರೇ ಅಲ್ವಾ. ಪಬ್ಲಿಷ್ ಒತ್ತಿದರೆ ಪ್ರಕಟವಾಗಿಬಿಡುವುದಿಲ್ಲ, ಇನ್ನೊಂದು ಸಲ ಕೇಳುತ್ತದೆ, ಅಲ್ಲಿ ಮತ್ತೆ ಪಬ್ಲಿಷ್ ಒತ್ತಬೇಕು. ಒಂದೇ ಸಲ ಒತ್ತಿ, ಆಯ್ತು ಅಂತ ಮುಚ್ಚಿ ಹೋದವರ ಲೇಖನ ಡ್ರಾಫ್ಟ್ ಆಗಿಯೇ ಕೂತಿರುತ್ತದೆ. ನಾಳೆಗೋ ಹಬ್ಬದ ದಿನಕ್ಕೋ ಬರಬೇಕಾದರೆ ಅಲ್ಲೇ ಇಮ್ಮಿಡಿಯೇಟ್ಲಿ ಅಂತ ಇರುವುದನ್ನು ಒತ್ತಿ ದಿನ, ಸಮಯ ಕೊಡಿ. ಆಗ ಪಬ್ಲಿಷ್ ಬದಲು ಶೆಡ್ಯೂಲ್ ಅಂತ ಕಾಣುತ್ತದೆ.

ಫೋಟೊ

ಅಪ್‌ಲೋಡ್ ಮಾಡುವ ಮೊದಲು ಫೈಲ್ ಹೆಸರು ಬದಲಿಸಿ, ಇಂಗ್ಲಿಷ್ ಅಕ್ಷರದಲ್ಲಿ, ವಿಷಯ ತಿಳಿಯುವ ಹಾಗೆ. ಆಮೇಲೆ ಮೀಡಿಯಾದಲ್ಲಿ ಹುಡುಕೋಕೆ ಅದೇ ಆಸರೆಯಾಗುತ್ತದೆ. ಫೋನಿನಲ್ಲಿ ತೆಗೆದದ್ದು ಐದಾರು ಎಂಬಿ ಇರುತ್ತದೆ. ತೀರಾ ದೊಡ್ಡ ಚಿತ್ರವನ್ನು ವರ್ಡ್‌ಪ್ರೆಸ್ 2560 ಪಿಕ್ಸೆಲ್‌ಗೆ ಇಳಿಸಿ ತೋರಿಸುತ್ತದೆ, ಆದರೆ ಮೂಲ ಫೈಲ್ ಕೂಡ ಹೋಸ್ಟಿಂಗ್‌ನಲ್ಲಿ ಜಾಗ ತಿನ್ನುತ್ತಾ ಕೂತಿರುತ್ತದೆ. ಮೊದಲೇ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕುವುದು ಒಳ್ಳೆಯದು. ಲೇಖನದಿಂದ ಫೋಟೊ ತೆಗೆದರೂ ಅದು ಮೀಡಿಯಾದಲ್ಲಿ ಉಳಿದಿರುತ್ತದೆ ಅನ್ನೋದು ನೆನಪಿರಲಿ. ಆಲ್ಟ್ ಟೆಕ್ಸ್ಟ್ ಅನ್ನೋ ಜಾಗದಲ್ಲಿ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಕನ್ನಡದಲ್ಲಿ ಬರೆಯಿರಿ.

ವಾಟ್ಸಾಪ್‌ಗೆ ಲಿಂಕ್ ಕಳಿಸಿದಾಗ ಚಿತ್ರ ಬರುತ್ತಿಲ್ಲ ಅನ್ನೋ ದೂರು ಎಲ್ಲ ಕಡೆ ಇದೆ. ಫೀಚರ್ಡ್ ಇಮೇಜ್ ಇಟ್ಟರಷ್ಟೇ ಸಾಲದು, ಅದನ್ನು ವಾಟ್ಸಾಪ್, ಫೇಸ್‌ಬುಕ್‌ಗೆ ಹೇಳುವ ಗುರುತುಗಳನ್ನು ವರ್ಡ್‌ಪ್ರೆಸ್ ತಾನಾಗಿ ಹಾಕುವುದಿಲ್ಲ. ಯೋಸ್ಟ್ ಎಸ್‌ಇಒ ಥರದ ಒಂದು ಪ್ಲಗಿನ್ ಬೇಕು. ಕನ್ನಡ ಸೈಟಿಗೆ ನಿಜವಾಗಿ ಬೇಕಾದ ಕೆಲವೇ ಪ್ಲಗಿನ್‌ಗಳಲ್ಲಿ ಇದೊಂದು.

ಥೀಮ್ ಮತ್ತು ಅಕ್ಷರ

ಥೀಮ್ ಬದಲಿಸುವ ಚಪಲ ಎಲ್ಲರಿಗೂ. ಅಪಿಯರೆನ್ಸ್ ಒಳಗೆ ಎಡಿಟರ್ ಅಂತ ಕಂಡರೆ ನಿಮ್ಮದು ಬ್ಲಾಕ್ ಥೀಮ್, ಕಸ್ಟಮೈಝ್ ಅಂತ ಕಂಡರೆ ಹೆಚ್ಚಾಗಿ ಹಳೆಯ ಬಗೆ. ಯಾವುದಾದರೂ ಸರಿ, ಥೀಮ್ ಆರಿಸುವಾಗ ಅದರ ಇಂಗ್ಲಿಷ್ ಮಾದರಿ ನೋಡಿ ಮರುಳಾಗಬೇಡಿ. ನಿಮ್ಮ ಒಂದು ಲೇಖನ ಹಾಕಿ ತಲೆಬರಹ ನೋಡಿ. ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿ ಸಾಲುಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ, ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಹೋಗಿ ಬಡಿಯುತ್ತದೆ. "ರಾಷ್ಟ್ರೀಯ", "ಸ್ವಾತಂತ್ರ್ಯ" ಥರದ ಪದ ಇರುವ ಎರಡು ಸಾಲಿನ ತಲೆಬರಹ ಹಾಕಿ ನೋಡಿದರೆ ಗೊತ್ತಾಗಿಬಿಡುತ್ತದೆ. ಬ್ಲಾಕ್ ಥೀಮ್ ಆದರೆ ಎಡಿಟರ್, ಸ್ಟೈಲ್ಸ್, ಟೈಪೊಗ್ರಫಿಗೆ ಹೋಗಿ ಲೈನ್ ಹೈಟ್ ಜಾಸ್ತಿ ಮಾಡಿ. ಮಾಮೂಲಿ ಪ್ಯಾರಾಕ್ಕೆ 1.7 ಅಥವಾ 1.8 ಇಟ್ಟರೆ ಓದೋಕೆ ಹಿತ, ತಲೆಬರಹಕ್ಕೆ 1.4ಕ್ಕಿಂತ ಕಡಿಮೆ ಬೇಡ. ಲೆಟರ್ ಸ್ಪೇಸಿಂಗ್ ಏನಾದರೂ ಇದ್ದರೆ ಸೊನ್ನೆ ಮಾಡಿ.

ಅದೇ ಟೈಪೊಗ್ರಫಿಯಲ್ಲಿ, 2024ರಲ್ಲಿ ಬಂದ 6.5 ಆವೃತ್ತಿಯಿಂದ, ಫಾಂಟ್ ಲೈಬ್ರರಿ ಅಂತ ಸೇರಿದೆ. ಗೂಗಲ್ ಫಾಂಟ್ಸ್‌ನಿಂದ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದವನ್ನು ಉಚಿತವಾಗಿ ಇಳಿಸಿಕೊಂಡು ಇಲ್ಲಿ ಅಪ್‌ಲೋಡ್ ಮಾಡಬಹುದು. ಪ್ಯಾರಾಕ್ಕೆ ಒಂದು, ತಲೆಬರಹಕ್ಕೆ ಒಂದು. ಬಾಲೂ ತಮ್ಮ ದಪ್ಪಗೆ ಮುದ್ದಾಗಿದೆ, ಆದರೆ ಉದ್ದ ಲೇಖನದ ಮೈಗೆ ಹಾಕಿದರೆ ಓದುವವರಿಗೆ ತಲೆನೋವು.

ಪ್ಲಗಿನ್, ಅಪ್‌ಡೇಟ್

ಐವತ್ತು ಸಾವಿರಕ್ಕೂ ಹೆಚ್ಚು ಉಚಿತ ಪ್ಲಗಿನ್ ಇವೆ, ಅದೇ ಸಮಸ್ಯೆ. ಹಾಕುವ ಮುನ್ನ ಕೊನೆಯ ಸಲ ಯಾವಾಗ ಅಪ್‌ಡೇಟ್ ಆಗಿದೆ, ಎಷ್ಟು ಸೈಟುಗಳಲ್ಲಿ ಬಳಕೆಯಲ್ಲಿದೆ ನೋಡಿ, ಎರಡೂ ಅದರ ಪುಟದಲ್ಲೇ ಬರೆದಿರುತ್ತದೆ. ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದರೆ ಬಿಡಿ. ಬಳಸದ್ದನ್ನು ಡಿಆ್ಯಕ್ಟಿವೇಟ್ ಮಾಡಿ ಸುಮ್ಮನಾಗಬೇಡಿ, ಡಿಲೀಟ್ ಮಾಡಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮ್, ಪ್ಲಗಿನ್‌ಗಳ ಕದ್ದ ಪ್ರತಿಯನ್ನು "ಫ್ರೀ ಇದೆ ಸರ್" ಅಂತ ಯಾರಾದರೂ ಕೊಟ್ಟರೆ ಹತ್ತಿರಕ್ಕೂ ಸೇರಿಸಬೇಡಿ. ಅದರೊಳಗೆ ಏನು ಸೇರಿಸಿದ್ದಾರೆ ಅಂತ ನಿಮಗೂ ಕಾಣುವುದಿಲ್ಲ, ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಡ್ಯಾಶ್‌ಬೋರ್ಡ್ ಕೆಳಗಿನ ಅಪ್‌ಡೇಟ್ಸ್ ಪಕ್ಕ ಅಂಕಿ ಕಂಡರೆ ವಾರಕ್ಕೊಮ್ಮೆಯಾದರೂ ನೋಡಿ. ಒತ್ತುವ ಮೊದಲು ಬ್ಯಾಕಪ್ ಇರಲಿ. ಹೋಸ್ಟಿಂಗ್‌ನವರು ದಿನಾ ಬ್ಯಾಕಪ್ ಮಾಡುತ್ತಾರಾ ಅಂತ ಕೇಳಿ, ಇಲ್ಲವಾದರೆ ಅಪ್‌ಡ್ರಾಫ್ಟ್‌ಪ್ಲಸ್ ಥರದ ಪ್ಲಗಿನ್ ಹಾಕಿ ಪ್ರತಿಯನ್ನು ಗೂಗಲ್ ಡ್ರೈವ್‌ಗೆ ಹೋಗುವ ಹಾಗೆ ಮಾಡಿ. ಟೂಲ್ಸ್‌ನಲ್ಲಿರುವ ಎಕ್ಸ್‌ಪೋರ್ಟ್ ಒತ್ತಿದರೂ ಒಂದು ಫೈಲ್ ಸಿಗುತ್ತದೆ. ಅದರಲ್ಲಿ ಬರಹ ಎಲ್ಲ ಇರುತ್ತದೆ, ಫೋಟೊಗಳು ಇರುವುದಿಲ್ಲ. ಅದನ್ನೇ ಪೂರ್ತಿ ಬ್ಯಾಕಪ್ ಅಂದುಕೊಳ್ಳಬೇಡಿ.

ಬೇರೆಯವರನ್ನು ಸೇರಿಸುವಾಗ

ನಿಮ್ಮ ಪಾಸ್‌ವರ್ಡನ್ನೇ ಎಲ್ಲರಿಗೂ ಕೊಡಬೇಡಿ, ಯೂಸರ್ಸ್‌ನಲ್ಲಿ ಒಬ್ಬೊಬ್ಬರಿಗೂ ಖಾತೆ ಮಾಡಿ. ರೋಲ್ ಅಂತ ಕೇಳುತ್ತದೆ. ಕಾಂಟ್ರಿಬ್ಯೂಟರ್ ಆದವರು ಬರೆಯಬಹುದು, ಪ್ರಕಟಿಸೋಕೆ ಆಗುವುದಿಲ್ಲ, ಫೋಟೊ ಅಪ್‌ಲೋಡ್ ಕೂಡ ಆಗುವುದಿಲ್ಲ. ಆಥರ್ ತಮ್ಮದನ್ನು ತಾವೇ ಪ್ರಕಟಿಸಬಹುದು. ಎಡಿಟರ್ ಎಲ್ಲರ ಬರಹವನ್ನೂ ತಿದ್ದಬಹುದು, ಪ್ರಕಟಿಸಬಹುದು. ಅಡ್ಮಿನಿಸ್ಟ್ರೇಟರ್ ಸೈಟಿನಲ್ಲಿ ಏನು ಬೇಕಾದರೂ ಬದಲಿಸಬಹುದು, ಅಳಿಸಬಹುದು. ಕಾರ್ಯದರ್ಶಿಗೆ ಎಡಿಟರ್ ಸಾಕು, ಪದವಿ ದೊಡ್ಡದು ಅಂತ ಅಡ್ಮಿನ್ ಕೊಡಬೇಕಾಗಿಲ್ಲ, ಬೇಜಾರು ಮಾಡಿಕೊಂಡರೆ ಸಮಾಧಾನ ಹೇಳಿ. ಅಡ್ಮಿನ್ ಇಬ್ಬರು ಇರಲಿ, ಒಬ್ಬರ ಫೋನ್ ಕಳೆದರೆ ಇನ್ನೊಬ್ಬರು ಬೇಕಾಗುತ್ತಾರೆ. ಸಂಘ ಬಿಟ್ಟು ಹೋದವರ ಖಾತೆ ಅಳಿಸುವಾಗ, ಅವರ ಬರಹಗಳನ್ನು ಏನು ಮಾಡಲಿ ಅಂತ ಒಂದು ಪ್ರಶ್ನೆ ಬರುತ್ತದೆ. ಅಲ್ಲಿ ಅವನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಸಾಲನ್ನೇ ಆರಿಸಿ. ಇನ್ನೊಂದನ್ನು ಆರಿಸಿದರೆ ಖಾತೆಯ ಜೊತೆ ಅವರು ಬರೆದ ಲೇಖನಗಳೂ ಹೋಗುತ್ತವೆ.